ಅಭಿಮಾನಿಗಳು ಬರೆದ ಚರಿತ್ರೆ: ಗ್ರೇಟ್‌ಫುಲ್ ಡೆಡ್ ವಾದ್ಯವೃಂದ ಮತ್ತು ಅದರ ಗ್ರಂಥಲೋಕ

ಕನ್ನಡ ಸಂಘವೊಂದರ ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಯಲ್ಲಿ ಅಮೆರಿಕದ ರಾಕ್ ವಾದ್ಯವೃಂದದ ಕುರಿತ ಲೇಖನಕ್ಕೇನು ಕೆಲಸ ಎಂದು ಓದುಗರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಆ ವೃಂದದ ಸಂಗೀತಕ್ಕಿಂತ ಅದರ ಸುತ್ತ ಬೆಳೆದ ಪುಸ್ತಕಗಳೂ ಆ ಪುಸ್ತಕಗಳನ್ನು ಬರೆದ ಜನರೂ ಇಲ್ಲಿ ನಮ್ಮ ವಿವೇಚನೆಯ ವಿಷಯ. ಮೂವತ್ತು ವರ್ಷ ಊರೂರು ತಿರುಗಿ ಹಾಡಿದ ಗ್ರೇಟ್‌ಫುಲ್ ಡೆಡ್ ಎಂಬ ಈ ವೃಂದಕ್ಕೆ ಡೆಡ್‌ಹೆಡ್‌ಗಳೆಂದು ಹೆಸರಾದ ಅಭಿಮಾನಿ ಬಳಗವೊಂದಿತ್ತು. ಆ ಬಳಗಕ್ಕೆ ಸ್ವಂತ ಊರಿರಲಿಲ್ಲ, ಪೀಠವಿರಲಿಲ್ಲ, ಬಹುಕಾಲದವರೆಗೆ ವಿದ್ವಾಂಸರ ಮನ್ನಣೆಯೂ ಇರಲಿಲ್ಲ. ಆದರೂ ಅವರು ಕೇಳಿದ ಕಛೇರಿಗಳಲ್ಲಿ ಬಹುಪಾಲು, ತಾರೀಖು ಮತ್ತು ಸ್ಥಳದ ವಿವರದೊಂದಿಗೆ, ಇಂದಿಗೂ ಉಳಿದಿವೆ. ಉಳಿಸಿದವರು ಯಾರು, ಹೇಗೆ ಉಳಿಸಿದರು ಎಂಬುದು ರಾಜ್ಯದ ಗಡಿಯಾಚೆ ಕನ್ನಡದ ಬಾಳನ್ನು ಕಾಪಾಡಿಕೊಳ್ಳಬೇಕಾದ ನಮ್ಮಂಥವರಿಗೆ ತಿಳಿದಿರತಕ್ಕ ಸಂಗತಿಯೆಂದು ನಾವು ಭಾವಿಸುತ್ತೇವೆ.

ನಿಘಂಟಿನಿಂದ ಬಂದ ಹೆಸರು

1965ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಸಮೀಪದ ಪಾಲೊ ಆಲ್ಟೊ ಪಟ್ಟಣದಲ್ಲಿ ಐವರು ತರುಣರು ಒಂದು ವಾದ್ಯವೃಂದವನ್ನು ಕಟ್ಟಿದರು. ಗಿಟಾರ್ ಮತ್ತು ಬ್ಯಾಂಜೊ ಕಲಿಸುತ್ತಿದ್ದ ಜೆರ್ರಿ ಗಾರ್ಸಿಯಾ, ಇನ್ನೂ ಹದಿಹರೆಯದಲ್ಲಿದ್ದ ಬಾಬ್ ವಿಯರ್, ಬ್ಲೂಸ್ ಹಾಡುಗಳಲ್ಲಿ ಮುಳುಗಿದ್ದ ರಾನ್ ಮೆಕರ್ನನ್, ತಾಳವಾದ್ಯದ ಬಿಲ್ ಕ್ರಾಯ್ಟ್ಜ್‌ಮನ್, ಶಾಸ್ತ್ರೀಯ ಸಂಗೀತ ರಚನೆಯನ್ನು ಅಭ್ಯಾಸಮಾಡಿ ಬಂದ ಫಿಲ್ ಲೆಶ್ ಆ ಐವರು. ಎರಡನೆಯ ತಾಳವಾದ್ಯಗಾರ ಮಿಕಿ ಹಾರ್ಟ್ 1967ರಲ್ಲಿ ಸೇರಿಕೊಂಡರು. ವೃಂದದ ಬಹುಪಾಲು ಪ್ರಸಿದ್ಧ ಗೀತೆಗಳಿಗೆ ಸಾಹಿತ್ಯ ಬರೆದ ರಾಬರ್ಟ್ ಹಂಟರ್ ವೇದಿಕೆಯ ಮೇಲೆ ನಿಲ್ಲದೆಯೇ ಅದರ ಸದಸ್ಯರಂತಿದ್ದರು.

ವೃಂದದ ಮೊದಲ ಹೆಸರು ವಾರ್‌ಲಾಕ್ಸ್. ಅದೇ ಹೆಸರಿನ ಮತ್ತೊಂದು ವೃಂದ ಇದೆಯೆಂದು ತಿಳಿದಾಗ ಹೊಸ ಹೆಸರಿನ ಹುಡುಕಾಟ ನಡೆಯಿತು. ಲೆಶ್ ಅವರ ಮನೆಯಲ್ಲಿ ಗಾರ್ಸಿಯಾ ಒಂದು ನಿಘಂಟನ್ನು ತೆರೆದಾಗ ಕಣ್ಣಿಗೆ ಬಿದ್ದ ಪದಗುಚ್ಛವೇ ‘ಗ್ರೇಟ್‌ಫುಲ್ ಡೆಡ್’. ಕನ್ನಡದಲ್ಲಿ ‘ಕೃತಜ್ಞ ಮೃತರು’ ಎನ್ನಬಹುದು. ಅದು ಜಾನಪದ ವಿದ್ವಾಂಸರು ಒಂದು ಕಥಾವರ್ಗಕ್ಕೆ ಇಟ್ಟ ಹೆಸರು. ದಾರಿಹೋಕನೊಬ್ಬ ಪರವೂರಿಗೆ ಬರುತ್ತಾನೆ. ಸಾಲ ತೀರಿಸದೆ ಸತ್ತವನ ಶವಕ್ಕೆ ಸಂಸ್ಕಾರ ಮಾಡಲು ಸಾಲಗಾರರು ಬಿಡದೆ ನಿಂತಿರುವುದನ್ನು ಕಾಣುತ್ತಾನೆ. ತನ್ನಲ್ಲಿದ್ದ ಹಣವನ್ನೆಲ್ಲ ಕೊಟ್ಟು ಆ ಸಾಲ ತೀರಿಸಿ ಸಂಸ್ಕಾರ ಮಾಡಿಸುತ್ತಾನೆ. ಮುಂದಿನ ಹಾದಿಯಲ್ಲಿ ಜೊತೆಗೂಡುವ ಅಪರಿಚಿತನೊಬ್ಬ ಅವನನ್ನು ಆಪತ್ತುಗಳಿಂದ ಪಾರುಮಾಡುತ್ತಾನೆ. ಆ ಜೊತೆಗಾರನೇ ಸತ್ತವನ ಆತ್ಮವೆಂಬುದು ಕೊನೆಗೆ ತಿಳಿಯುತ್ತದೆ. ಯುರೋಪ್ ಮತ್ತು ಏಷ್ಯಾಗಳ ಹಲವು ಭಾಷೆಗಳಲ್ಲಿ ಹರಡಿದ ಈ ಕಥೆಯನ್ನು ಕುರಿತು ಗಾರ್ಡನ್ ಹಾಲ್ ಜೆರೋಲ್ಡ್ ಎಂಬ ವಿದ್ವಾಂಸರು 1908ರಲ್ಲಿಯೇ ‘ದಿ ಗ್ರೇಟ್‌ಫುಲ್ ಡೆಡ್’ ಎಂಬ ಹೆಸರಿನ ಗ್ರಂಥವನ್ನು ಪ್ರಕಟಿಸಿದ್ದರು. ವಾದ್ಯವೃಂದ ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಹಿಂದೆ ಅದರ ಹೆಸರಿನ ಪುಸ್ತಕ ಅಚ್ಚಾಗಿತ್ತು.

ಕಥೆಯ ತಿರುಳು ನಮಗೆ ಹೊಸದಲ್ಲ. ಋಣ, ಋಣಾನುಬಂಧ ಎಂಬ ಮಾತುಗಳಿಂದಲೇ ಬಂಧುತ್ವವನ್ನು ಅಳೆಯುವ ಜನ ನಾವು. ಯಾರದೋ ಋಣವನ್ನು ಯಾರೋ ತೀರಿಸುವ ಈ ಕಥೆ ಮುಂದೆ ಆ ವೃಂದದ ಮತ್ತು ಅದರ ಅಭಿಮಾನಿಗಳ ಸಂಬಂಧಕ್ಕೇ ಹೊಂದಿಕೊಂಡದ್ದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ.

ಒಂದೊಂದು ರಾತ್ರಿ ಒಂದೊಂದು ಬಗೆ

ಗ್ರೇಟ್‌ಫುಲ್ ಡೆಡ್ ವೃಂದವು ಮೂವತ್ತು ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಛೇರಿಗಳನ್ನು ನೀಡಿತು. ಅಂದಂದಿನ ಹಾಡುಗಳ ಸಾಲು ಮೊದಲೇ ಗೊತ್ತಾಗಿರುತ್ತಿರಲಿಲ್ಲ. ಒಂದೇ ಹಾಡನ್ನು ಒಮ್ಮೆ ಐದು ನಿಮಿಷಕ್ಕೆ ಮುಗಿಸಿದರೆ ಇನ್ನೊಮ್ಮೆ ಇಪ್ಪತ್ತೈದು ನಿಮಿಷ ವಿಸ್ತರಿಸುವುದಿತ್ತು. ಕಾಸರಗೋಡು ಸೀಮೆಯ ಓದುಗರಿಗೆ ಇದನ್ನು ತಾಳಮದ್ದಳೆಯ ಹೋಲಿಕೆಯಿಂದ ಹೇಳಿದರೆ ಬೇಗ ಮನದಟ್ಟಾದೀತು. ಪ್ರಸಂಗ ಅದೇ, ಪದ್ಯಗಳೂ ಅವೇ. ಆದರೆ ಎದುರು ಕುಳಿತ ಅರ್ಥಧಾರಿ ಬದಲಾದರೆ ‘ಕರ್ಣಭೇದನ’ದ ಕೃಷ್ಣನ ಮಾತೂ ಬದಲಾಗುತ್ತದೆ, ಕರ್ಣನ ಉತ್ತರವೂ ಬದಲಾಗುತ್ತದೆ. ನಿನ್ನೆ ಕೇಳಿದವನು ಇಂದೂ ಬಂದು ಕುಳಿತುಕೊಳ್ಳುವುದು ಆ ಕಾರಣಕ್ಕೇ. ಡೆಡ್‌ಹೆಡ್‌ಗಳೂ ಹಾಗೆಯೇ ಊರಿಂದೂರಿಗೆ ವೃಂದದ ಹಿಂದೆ ಹೋದರು. ದಾರಿಯ ಖರ್ಚಿಗೆ ಕಛೇರಿ ನಡೆಯುವ ಬಯಲಿನಲ್ಲಿ ಬಟ್ಟೆ, ಮಣಿಸರ, ತಿಂಡಿ ಮಾರಿದರು. ಕಛೇರಿಯಿಂದ ಕಛೇರಿಗೆ ಹೋಗುವ ಹಾದಿಯೇ ಹಲವರ ಮನೆಯಾಯಿತು.

ಈ ಜನರನ್ನು ಹೆಸರಿಟ್ಟು ಕರೆದ ಮೊದಲ ದಾಖಲೆ 1971ರ ಒಂದು ಗ್ರಾಮಫೋನ್ ತಟ್ಟೆಯ ಹೊದಿಕೆಯಲ್ಲಿದೆ. ಅಭಿಮಾನಿಗಳು ತಾವು ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ಬರೆದು ತಿಳಿಸಬೇಕೆಂದು ವೃಂದವು ಅದರಲ್ಲಿ ಒಂದು ಅಂಚೆಪೆಟ್ಟಿಗೆಯ ವಿಳಾಸ ಕೊಟ್ಟಿತು. ಪತ್ರಗಳು ಸಾವಿರಗಟ್ಟಲೆ ಬಂದವು. ಬಂದ ವಿಳಾಸಗಳೆಲ್ಲ ಒಂದು ಪಟ್ಟಿಯಾಗಿ, ಆ ಪಟ್ಟಿಗೆ ವಾರ್ತಾಪತ್ರ ಹೋಗತೊಡಗಿತು. ಐಲೀನ್ ಲಾ ಎಂಬ ಮಹಿಳೆ ವೃಂದದ ಕಚೇರಿಯಲ್ಲಿ ಕುಳಿತು ದಶಕಗಳ ಕಾಲ ಈ ಪಟ್ಟಿಯನ್ನು ನೋಡಿಕೊಂಡರು. ಅಭಿಮಾನಿಗಳು ಕಳುಹಿಸಿದ ಪತ್ರ, ಚಿತ್ರ, ಬಣ್ಣ ಬಳಿದ ಲಕೋಟೆಗಳನ್ನು ಕಸವೆಂದು ಬಗೆಯದೆ ಎತ್ತಿಟ್ಟರು. 1983ರಲ್ಲಿ ಪಾಲ್ ಗ್ರುಷ್ಕಿನ್ ಮತ್ತು ಸಂಗಡಿಗರು ಹೊರತಂದ ‘ಅಫಿಷಿಯಲ್ ಬುಕ್ ಆಫ್ ದ ಡೆಡ್ ಹೆಡ್ಸ್’ ಎಂಬ ದೊಡ್ಡ ಗ್ರಂಥದಲ್ಲಿ ಇಂಥ ಪತ್ರಗಳೂ ಚಿತ್ರಗಳೂ ತುಂಬಿವೆ. ವೃಂದದ ಬಗೆಗೆ ಬರೆದ ಪುಸ್ತಕದಲ್ಲಿ ಕೇಳುಗರೇ ಮುಖ್ಯ ಪಾತ್ರಗಳಾದದ್ದು ಹೀಗೆ.

ಪಟ್ಟಿ, ಸುರುಳಿ, ನಿಘಂಟು

ಕೇಳಿದ್ದನ್ನು ಉಳಿಸಿಕೊಳ್ಳುವ ಹಂಬಲದಿಂದ ಧ್ವನಿಮುದ್ರಣದ ಸಂಪ್ರದಾಯ ಹುಟ್ಟಿತು. ಮೊದಮೊದಲು ಅಭಿಮಾನಿಗಳು ಯಂತ್ರಗಳನ್ನು ಅಡಗಿಸಿಕೊಂಡು ಒಳಗೆ ತರುತ್ತಿದ್ದರು. ವೃಂದದವರು ತಡೆಯುವ ಪ್ರಯತ್ನವನ್ನು ಕ್ರಮೇಣ ಕೈಬಿಟ್ಟರು. ತಾವು ನುಡಿಸಿ ಮುಗಿಸಿದ ಮೇಲೆ ಅದು ಕೇಳುಗರದು ಎಂಬ ಭಾವ ಗಾರ್ಸಿಯಾ ಅವರದು. 1984ರ ಅಕ್ಟೋಬರಿನಿಂದ ಧ್ವನಿಮುದ್ರಿಸುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳವನ್ನು ಮೀಸಲಿಡಲಾಯಿತು. ಬಳಗದೊಳಗೆ ಒಂದೇ ಕಟ್ಟಳೆಯಿತ್ತು: ಸುರುಳಿಗಳನ್ನು ಮಾರಬಾರದು, ವಿನಿಮಯ ಮಾಡಿಕೊಳ್ಳಬಹುದು. ವಿನಿಮಯಕ್ಕೆ ಏನೂ ಇಲ್ಲದ ಹೊಸಬನು ಖಾಲಿ ಕ್ಯಾಸೆಟ್ಟನ್ನೂ ಮರಳಿ ಕಳಿಸಲು ತಗಲುವ ಅಂಚೆವೆಚ್ಚವನ್ನೂ ಕಳುಹಿಸಿದರೆ ಹಳಬರು ಪ್ರತಿಮಾಡಿ ಕೊಡುತ್ತಿದ್ದರು. 1974ರಲ್ಲಿ ‘ಡೆಡ್ ರೆಲಿಕ್ಸ್’ ಎಂಬ ಪತ್ರಿಕೆ ಆರಂಭವಾದದ್ದು ಈ ವಿನಿಮಯಗಾರರ ಕೈಪತ್ರವಾಗಿಯೇ. ಮುಂದೆ ಅದು ‘ರೆಲಿಕ್ಸ್’ ಎಂಬ ಹೆಸರಿನ ಸಂಗೀತ ಪತ್ರಿಕೆಯಾಗಿ ಬೆಳೆಯಿತು.

ಸುರುಳಿಗಳು ಹೆಚ್ಚಿದಂತೆ ಪಟ್ಟಿ ಬೇಕಾಯಿತು. ಯಾವ ಊರಿನಲ್ಲಿ, ಯಾವ ತಾರೀಖಿನಂದು, ಯಾವ ಕ್ರಮದಲ್ಲಿ ಏನೇನು ನುಡಿಸಿದರು ಎಂಬುದನ್ನು ತಿಳಿಯದೆ ಸುರುಳಿಯ ಮೇಲಿನ ಬರಹವನ್ನು ನಂಬುವಂತಿರಲಿಲ್ಲ. ಜಾನ್ ಸ್ಕಾಟ್, ಮೈಕ್ ಡಾಲ್ಗುಷ್ಕಿನ್, ಸ್ಟೂ ನಿಕ್ಸನ್ ಎಂಬ ಮೂವರು 1987ರಲ್ಲಿ ‘ಡೆಡ್‌ಬೇಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ವೃಂದದ ಕಛೇರಿಗಳನ್ನು ತಾರೀಖುವಾರು ಜೋಡಿಸಿ, ಹಾಡುಗಳ ಸಾಲನ್ನು ಕೊಟ್ಟು, ಒಂದೊಂದು ಹಾಡು ಎಷ್ಟು ಸಲ, ಎಲ್ಲೆಲ್ಲಿ ಬಂತೆಂದು ಎಣಿಸಿದ ಕೋಷ್ಟಕಗಳ ಪುಸ್ತಕ ಅದು. ಅದಕ್ಕೆ ಆಧಾರವಾದದ್ದು ಅಭಿಮಾನಿಗಳ ದಿನಚರಿ, ಚೀಟಿಯ ಹಿಂಬದಿಯ ಗೀಚು, ಸುರುಳಿಗಳ ಸಾಕ್ಷ್ಯ. ಹೊಸ ಸಾಕ್ಷ್ಯ ಬಂದಂತೆ ಹಳೆಯ ನಮೂದು ತಿದ್ದುಪಡಿಯಾಗಿ, ಆವೃತ್ತಿಯ ಮೇಲೆ ಆವೃತ್ತಿ ಬಂತು. ಗ್ರಂಥಸಂಪಾದನೆಯಲ್ಲಿ ನಮ್ಮ ವಿದ್ವಾಂಸರು ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಶಿಸ್ತು ಇದಕ್ಕಿಂತ ಬಹಳ ಬೇರೆಯಲ್ಲ.

ಪಟ್ಟಿಯ ಬೆನ್ನಿಗೆ ವಿಮರ್ಶೆಯೂ ನಿಘಂಟೂ ಬಂದವು. ಮೈಕೆಲ್ ಗೆಟ್ಜ್ ಮತ್ತು ಜಾನ್ ಡ್ವಾರ್ಕ್ ಸಂಪಾದಿಸಿದ ‘ಡೆಡ್‌ಹೆಡ್ಸ್ ಟೇಪಿಂಗ್ ಕಂಪೆಂಡಿಯಮ್’ 1998ರಿಂದ 2000ದವರೆಗೆ ಮೂರು ದಪ್ಪ ಸಂಪುಟಗಳಲ್ಲಿ ಹೊರಬಂತು. ಒಂದೊಂದು ಸುರುಳಿಯ ಗುಣದೋಷಗಳನ್ನು ಹಲವು ಕೇಳುಗರು ಅದರಲ್ಲಿ ತೂಗಿ ನೋಡಿದ್ದಾರೆ. ಡೇವಿಡ್ ಶೆಂಕ್ ಮತ್ತು ಸ್ಟೀವ್ ಸಿಲ್ಬರ್‌ಮನ್ 1994ರಲ್ಲಿ ಪ್ರಕಟಿಸಿದ ‘ಸ್ಕೆಲಿಟನ್ ಕೀ’ ಡೆಡ್‌ಹೆಡ್‌ಗಳ ಆಡುನುಡಿಗೆ ಒಂದು ನಿಘಂಟು. ನಿಘಂಟಿನ ಪುಟದಿಂದ ಹೆಸರು ಪಡೆದ ವೃಂದದ ಬಳಗವು ಮೂವತ್ತು ವರ್ಷಕ್ಕೆ ತನ್ನದೇ ನಿಘಂಟನ್ನು ರಚಿಸಿಕೊಂಡಿತ್ತು. ಗ್ರಂಥಪಾಲಕ ಡೇವಿಡ್ ಡಾಡ್ ಹಂಟರ್ ಮೊದಲಾದವರ ಗೀತೆಗಳಿಗೆ ಪದಪದಕ್ಕೂ ಟಿಪ್ಪಣಿ ಬರೆದು, ಬೈಬಲ್, ಜನಪದ ಲಾವಣಿ, ಶಿಶುಗೀತೆಗಳ ನೆನಪು ಎಲ್ಲೆಲ್ಲಿ ಸುಳಿದಿದೆಯೆಂದು ತೋರಿಸಿದರು. ಆ ಸಟೀಕಾ ಆವೃತ್ತಿ 2005ರಲ್ಲಿ ಪುಸ್ತಕವಾಯಿತು.

ಹರಾಜಾದ ಸುರುಳಿಗಳು

ಈ ದಾಖಲೆಗಳೆಲ್ಲ ಎಷ್ಟು ತೆಳುವಾದ ಎಳೆಯ ಮೇಲೆ ತೂಗುತ್ತಿದ್ದವು ಎಂಬುದಕ್ಕೆ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1977ರ ಮೇ 8ರಂದು ನ್ಯೂಯಾರ್ಕ್ ಸಂಸ್ಥಾನದ ಇಥಾಕಾದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ವೃಂದದ ಕಛೇರಿ ನಡೆಯಿತು. ಅದನ್ನು ಧ್ವನಿಮುದ್ರಿಸಿದವರು ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್. ಪುರುಷರೇ ತುಂಬಿದ್ದ ಆ ಕ್ಷೇತ್ರದಲ್ಲಿ ಅವರು ಅಪರೂಪದ ಧ್ವನಿ ತಂತ್ರಜ್ಞೆ. ಕೆಲವು ವರ್ಷಗಳ ಮೇಲೆ ಅವರಿಗೆ ಆರ್ಥಿಕ ಸಂಕಷ್ಟ ಒದಗಿತು. ಸುರುಳಿಗಳನ್ನು ಇರಿಸಿದ್ದ ಬಾಡಿಗೆ ಕೋಣೆಯ ಹಣ ಕಟ್ಟಲಾಗದೆ 1986ರಲ್ಲಿ ಅಲ್ಲಿದ್ದ ಸಾಮಾನೆಲ್ಲ ಹರಾಜಾಯಿತು. ನೂರಾರು ಮೂಲ ಸುರುಳಿಗಳು ಬೇರೆ ಬೇರೆಯವರ ಪಾಲಾದವು. ಅಭಿಮಾನಿಗಳು ಅವುಗಳಲ್ಲಿ ಅನೇಕವನ್ನು ಪತ್ತೆಹಚ್ಚಿ ಪ್ರತಿಮಾಡಿ ಹಂಚಿದ್ದರಿಂದ ಕಾರ್ನೆಲ್ ಕಛೇರಿ ಮನೆಮನೆಗೆ ತಲುಪಿತು. ಬಳಗದವರು ಆ ಸುರುಳಿಗಳನ್ನು ಇಂದಿಗೂ ಬೆಟ್ಟಿಯವರ ಹೆಸರಿನಿಂದಲೇ ಕರೆಯುತ್ತಾರೆ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಕಛೇರಿಯ ಧ್ವನಿಮುದ್ರಣವನ್ನು ರಾಷ್ಟ್ರೀಯ ಧ್ವನಿಮುದ್ರಣಗಳ 2011ನೆಯ ಸಾಲಿನ ಪಟ್ಟಿಗೆ ಸೇರಿಸಿತು. ಮೂಲ ಸುರುಳಿಗಳು ವೃಂದದ ಭಂಡಾರಕ್ಕೆ ಮರಳಿ, 2017ರಲ್ಲಿ, ನಲವತ್ತು ವರ್ಷಗಳ ಅನಂತರ, ಆ ಕಛೇರಿ ಅಧಿಕೃತವಾಗಿ ಪ್ರಕಟವಾಯಿತು. ಅದೇ ವರ್ಷ ಪೀಟರ್ ಕಾನರ್ಸ್ ಈ ಒಂದು ರಾತ್ರಿಯ ಮೇಲೆಯೇ ‘ಕಾರ್ನೆಲ್ ’77’ ಎಂಬ ಪುಸ್ತಕ ಬರೆದರು. ಪ್ರಕಟಿಸಿದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಮುದ್ರಣಾಲಯ. ಬಾಡಿಗೆ ಬಾಕಿಗಾಗಿ ಹರಾಜಾದ ವಸ್ತು ರಾಷ್ಟ್ರದ ಸ್ವತ್ತೆಂದು ಪಟ್ಟಿಯಾಗುವುದಕ್ಕೆ ಹಿಡಿದದ್ದು ಕಾಲು ಶತಮಾನ. ನಡುವಿನ ಅವಧಿಯಲ್ಲಿ ಅದನ್ನು ಕಾಯ್ದದ್ದು ಯಾವ ಸಂಸ್ಥೆಯೂ ಅಲ್ಲ.

ಡಿಕ್ ಲಾಟ್ವಾಲಾ ಎಂಬವರ ಬದುಕೂ ಇದೇ ಮಾತನ್ನು ಹೇಳುತ್ತದೆ. ಸುರುಳಿಗಳನ್ನು ಕೂಡಿಹಾಕಿ, ಒಂದೊಂದನ್ನೂ ಕೇಳಿ, ಟಿಪ್ಪಣಿ ಬರೆದಿಡುತ್ತಿದ್ದ ಸಾಮಾನ್ಯ ಅಭಿಮಾನಿ ಅವರು. ಅವರ ಶ್ರದ್ಧೆಯನ್ನು ಕಂಡ ವೃಂದದವರು ತಮ್ಮ ಭಂಡಾರದ ಬೀಗದ ಕೈಯನ್ನೇ ಅವರಿಗೆ ಒಪ್ಪಿಸಿದರು. 1993ರಲ್ಲಿ ಅವರ ಹೆಸರಿನಲ್ಲಿ ಆರಂಭವಾದ ‘ಡಿಕ್ಸ್ ಪಿಕ್ಸ್’ ಮಾಲೆ 1999ರಲ್ಲಿ ಅವರು ತೀರಿಕೊಂಡ ಮೇಲೂ ಮುಂದುವರಿದು 36 ಸಂಪುಟಗಳನ್ನು ಮುಟ್ಟಿತು.

ವೃಂದದವರು ಬರೆದುಕೊಂಡದ್ದು

ಅಭಿಮಾನಿಗಳ ಈ ಎಣಿಕೆಯ ಪಕ್ಕದಲ್ಲಿ ವೃಂದದ ಸದಸ್ಯರು ತಾವೇ ಬರೆದ ಪುಸ್ತಕಗಳನ್ನಿಟ್ಟು ನೋಡುವುದು ಉಚಿತ. ಜೆರ್ರಿ ಗಾರ್ಸಿಯಾ ಬರೆದ ‘ಹ್ಯಾರಿಂಗ್ಟನ್ ಸ್ಟ್ರೀಟ್’ 1995ರಲ್ಲಿ ಅವರ ನಿಧನಾನಂತರ ಪ್ರಕಟವಾಯಿತು. ಐದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಾಲಕನ ನೆನಪುಗಳು ಅದರಲ್ಲಿ ಚಿತ್ರಗಳೊಂದಿಗೆ ಬೆರೆತಿವೆ. ವೃಂದದ ಕಥೆ ಅದರಲ್ಲಿ ಆರಂಭವಾಗುವುದೇ ಇಲ್ಲ. ಮಿಕಿ ಹಾರ್ಟ್ 1990ರಲ್ಲಿ ಬರೆದ ‘ಡ್ರಮಿಂಗ್ ಅಟ್ ದಿ ಎಡ್ಜ್ ಆಫ್ ಮ್ಯಾಜಿಕ್’ ಆತ್ಮಕಥೆಯಾಗಿರುವಷ್ಟೇ ತಾಳವಾದ್ಯಗಳ ಚರಿತ್ರೆಯೂ ಹೌದು. ಭಾರತದೊಡನೆ ವೃಂದಕ್ಕಿದ್ದ ನಿಜವಾದ ನಂಟು ಇರುವುದೂ ಇಲ್ಲಿಯೇ. ಹಾರ್ಟ್ ತಬಲಾ ವಿದ್ವಾಂಸ ಅಲ್ಲಾ ರಖಾ ಅವರಿಂದ ಪಾಠ ಹೇಳಿಸಿಕೊಂಡವರು. ಅವರ ಮಗ ಜಾಕಿರ್ ಹುಸೇನ್ ಅವರಿಗೆ ಜೀವಮಾನದ ಒಡನಾಡಿ. 1976ರ ‘ದಿಗಾ’ ಮತ್ತು 1991ರ ‘ಪ್ಲಾನೆಟ್ ಡ್ರಮ್’ ಈ ಒಡನಾಟದ ಫಲ. ಎರಡನೆಯದರಲ್ಲಿ ಘಟದ ವಿದ್ವಾಂಸ ಟಿ. ಎಚ್. ವಿನಾಯಕರಾಂ ಅವರೂ ನುಡಿಸಿದ್ದಾರೆ. ವಿಶ್ವಸಂಗೀತ ವಿಭಾಗದ ಮೊತ್ತಮೊದಲ ಗ್ರ್ಯಾಮಿ ಪ್ರಶಸ್ತಿ ಅದಕ್ಕೆ ಸಂದಿತು.

ಫಿಲ್ ಲೆಶ್ ಅವರ ‘ಸರ್ಚಿಂಗ್ ಫಾರ್ ದ ಸೌಂಡ್’ 2005ರಲ್ಲಿಯೂ ಬಿಲ್ ಕ್ರಾಯ್ಟ್ಜ್‌ಮನ್ ಅವರ ‘ಡೀಲ್’ 2015ರಲ್ಲಿಯೂ ಬಂದವು. ವೃಂದಕ್ಕಾಗಿ ದುಡಿದ ರಾಕ್ ಸ್ಕಲ್ಲಿ, ಸ್ಟೀವ್ ಪ್ಯಾರಿಷ್ ಮೊದಲಾದವರೂ ತಮ್ಮ ನೆನಪುಗಳನ್ನು ಬರೆದರು. ಒಂದೇ ಕಾಲದ ಕಥೆಯನ್ನು ಇವರೆಲ್ಲ ಒಂದೇ ಧ್ವನಿಯಲ್ಲಿ ಹೇಳುವುದಿಲ್ಲ. ಒಬ್ಬರಿಗೆ ಉಲ್ಲಾಸವಾಗಿ ಕಂಡದ್ದು ಇನ್ನೊಬ್ಬರಿಗೆ ಅಪಾಯವಾಗಿ ಕಾಣುತ್ತದೆ. ಇಂಥ ಭಿನ್ನ ನೆನಪುಗಳ ನಡುವೆ ಇತಿಹಾಸಕಾರನ ಶಿಸ್ತಿನಿಂದ ನಿಂತದ್ದು ಡೆನಿಸ್ ಮೆಕ್‌ನಾಲಿ ಅವರ ‘ಎ ಲಾಂಗ್ ಸ್ಟ್ರೇಂಜ್ ಟ್ರಿಪ್’. ಇತಿಹಾಸದಲ್ಲಿ ಡಾಕ್ಟರೇಟ್ ಪಡೆದ ಮೆಕ್‌ನಾಲಿ ಕಾದಂಬರಿಕಾರ ಜ್ಯಾಕ್ ಕೆರೊವ್ಯಾಕ್ ಅವರ ಜೀವನಚರಿತ್ರೆಯನ್ನು 1979ರಲ್ಲಿ ಪ್ರಕಟಿಸಿದ್ದರು. ಅದನ್ನು ಮೆಚ್ಚಿದ ಗಾರ್ಸಿಯಾ ವೃಂದದ ಚರಿತ್ರೆಯನ್ನೂ ಬರೆಯುವಂತೆ 1980ರ ಸುಮಾರಿಗೆ ಕೇಳಿಕೊಂಡರು. 1984ರಲ್ಲಿ ಅವರು ವೃಂದದ ಪ್ರಚಾರಾಧಿಕಾರಿಯೂ ಆದರು. ಪುಸ್ತಕ ಹೊರಬಂದದ್ದು 2002ರಲ್ಲಿ. ಎರಡು ದಶಕ ಒಳಗೇ ಇದ್ದು ನೋಡಿದ ಈ ಗ್ರಂಥಕ್ಕೂ ಹೊರಗಿನಿಂದ ಅಭಿಮಾನಿಗಳು ಸಿದ್ಧಪಡಿಸಿದ ಕಛೇರಿಗಳ ಕಾಲಾನುಕ್ರಮಣಿಕೆಗೂ ಇರುವ ಪೂರಕ ಸಂಬಂಧವನ್ನು ನಾವು ಮರೆಯಬಾರದು. ನೆನಪು ದಾರಿ ತಪ್ಪಿದಾಗ ತಾರೀಖು ಅದನ್ನು ಹಿಡಿದು ನಿಲ್ಲಿಸುತ್ತದೆ.

ನೆರಳಿನ ಪುಟಗಳು

ಈ ಕಥೆಯನ್ನು ಬರೀ ಪ್ರಶಂಸೆಯಾಗಿ ಬರೆದರೆ ಅದು ಚರಿತ್ರೆಯೆನಿಸದು. ವೃಂದವು ಬೆಳೆದದ್ದೇ ಮಾದಕದ್ರವ್ಯಗಳ ಪರಿಸರದಲ್ಲಿ. ಕಾದಂಬರಿಕಾರ ಕೆನ್ ಕೀಸಿ ಮತ್ತು ಸಂಗಡಿಗರು ಎಲ್‌ಎಸ್‌ಡಿ ಸೇವಿಸಿ ನಡೆಸುತ್ತಿದ್ದ ಕೂಟಗಳಲ್ಲಿ ವೃಂದವು ನುಡಿಸುತ್ತಿತ್ತು. ಅದರ ವರ್ಣನೆ ಟಾಮ್ ವುಲ್ಫ್ ಅವರ 1968ರ ಪ್ರಸಿದ್ಧ ಗ್ರಂಥದಲ್ಲಿ ಬರುತ್ತದೆ. ಮದ್ಯ ಮತ್ತು ಮಾದಕದ್ರವ್ಯಗಳಿಗೆ ತೆತ್ತ ಬೆಲೆ ಸಣ್ಣದಲ್ಲ. ರಾನ್ ಮೆಕರ್ನನ್ 1973ರಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ತೀರಿಕೊಂಡರು. ಗಾರ್ಸಿಯಾ 1995ರ ಆಗಸ್ಟ್ 9ರಂದು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಐವತ್ತಮೂರನೆಯ ವಯಸ್ಸಿನಲ್ಲಿ ನಿಧನರಾದರು. ಸದಸ್ಯರ ಆತ್ಮಕಥೆಗಳಲ್ಲಿ ಈ ವಿಷಯವನ್ನು ಮುಚ್ಚಿಟ್ಟಿಲ್ಲ. ಲೆಶ್ 1998ರಲ್ಲಿ ಪಿತ್ತಜನಕಾಂಗದ ಕಸಿಯಿಂದ ಬದುಕುಳಿದು, ಅನಂತರ ತಮ್ಮ ಕಛೇರಿಗಳಲ್ಲಿ ಅಂಗದಾನದ ಕುರಿತು ಕೇಳುಗರಿಗೆ ಮನವಿ ಮಾಡುತ್ತ ಬಂದರು. ಅಪರಿಚಿತನ ಋಣದಿಂದ ಬದುಕಿದವನು ಆ ಋಣವನ್ನು ಸಭೆಯಲ್ಲಿ ಹೇಳಿಕೊಳ್ಳುವುದು ಜೆರೋಲ್ಡ್ ಅವರ ಕಥಾವರ್ಗಕ್ಕೆ ಸೇರಬಹುದಾದ ಘಟನೆ.

ಜನಪ್ರಿಯತೆಯೇ ಬಳಗಕ್ಕೆ ಕುತ್ತಾದ ಕಾಲವೂ ಬಂತು. 1987ರಲ್ಲಿ ವೃಂದದ ಒಂದು ಹಾಡು ಮೊದಲ ಸಲ ದೇಶದ ಮೊದಲ ಹತ್ತು ಹಾಡುಗಳ ಪಟ್ಟಿಯಲ್ಲಿ ಸೇರಿತು. ಅಲ್ಲಿಂದಾಚೆಗೆ ಸಂಗೀತಕ್ಕಿಂತ ಗೌಜಿಗಾಗಿ ಬರುವವರು ಹೆಚ್ಚಿದರು. 1995ರ ಜುಲೈ 2ರಂದು ಇಂಡಿಯಾನಾದ ಡಿಯರ್ ಕ್ರೀಕ್‌ನಲ್ಲಿ ಟಿಕೆಟ್ ಇಲ್ಲದ ಗುಂಪು ಬೇಲಿ ಮುರಿದು ನುಗ್ಗಿತು. ಮರುದಿನದ ಕಛೇರಿಯನ್ನು ರದ್ದುಮಾಡಬೇಕಾಯಿತು. ವೃಂದದವರು ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು, ಹೀಗೇ ಆದರೆ ಈ ಸಂಚಾರವೇ ನಿಂತೀತೆಂದು ಎಚ್ಚರಿಸಿದರು. ಒಂದು ವಾರದ ಬಳಿಕ, ಜುಲೈ 9ರಂದು, ಶಿಕಾಗೊ ನಗರದಲ್ಲಿ ನಡೆದದ್ದೇ ಕೊನೆಯ ಕಛೇರಿ.

ಹೊರಗಿನ ಸಮಾಜವು ಡೆಡ್‌ಹೆಡ್‌ಗಳನ್ನು ವ್ಯಸನಿಗಳೆಂದು, ಸೋಮಾರಿಗಳೆಂದು ಒಟ್ಟಾಗಿ ತೂಗಿಬಿಟ್ಟಿತ್ತು. ಈ ಹಣೆಪಟ್ಟಿಯನ್ನು ಪರೀಕ್ಷಿಸಿದವರು ಉತ್ತರ ಕೆರೊಲೈನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಶಾಖೆಯ ಸಮಾಜಶಾಸ್ತ್ರಜ್ಞೆ ರೆಬೆಕಾ ಆಡಮ್ಸ್. 1989ರ ಬೇಸಗೆಯಲ್ಲಿ ಅವರು ತಮ್ಮ ವಿದ್ಯಾರ್ಥಿಗಳನ್ನೇ ಕಛೇರಿಗಳ ಹಾದಿಗೆ ಕರೆದೊಯ್ದು ಕ್ಷೇತ್ರಕಾರ್ಯ ಮಾಡಿಸಿದರು. ಅವರೂ ರಾಬರ್ಟ್ ಸಾರ್ಡಿಯೆಲ್ಲೊ ಅವರೂ ಸಂಪಾದಿಸಿದ ‘ಡೆಡ್‌ಹೆಡ್ ಸೋಶಿಯಲ್ ಸೈನ್ಸ್’ 2000ದಲ್ಲಿ ಪ್ರಕಟವಾಯಿತು. ನೆಲದ ನೆರೆಹೊರೆಯಿಲ್ಲದೆಯೂ ಸಮುದಾಯವೊಂದು ನಿಲ್ಲಬಲ್ಲುದೇ, ಅದರ ಆಚರಣೆ, ನಂಬಿಕೆ, ಸ್ನೇಹಗಳು ಯಾವ ಬಗೆಯವು ಎಂಬುದು ಅದರ ಮುಖ್ಯ ಜಿಜ್ಞಾಸೆ. 1998ರಿಂದ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ ಸೇರುವ ಜನಪ್ರಿಯ ಸಂಸ್ಕೃತಿ ಅಧ್ಯಯನದ ಸಮ್ಮೇಳನದಲ್ಲಿ ಈ ವೃಂದವನ್ನು ಕುರಿತ ಪ್ರಬಂಧಗಳಿಗೆಂದೇ ಗೋಷ್ಠಿಗಳು ನಡೆಯುತ್ತ ಬಂದಿವೆ.

ಒಡೆತನ ಯಾರದು?

ಕಾಯ್ದವರಿಗೆ ಕಾಯ್ದ ವಸ್ತುವಿನ ಮೇಲೆ ಹಕ್ಕಿದೆಯೇ? ಈ ಪ್ರಶ್ನೆ 2005ರ ನವೆಂಬರಿನಲ್ಲಿ ಕಟುವಾಗಿಯೇ ಎದ್ದಿತು. ಅಭಿಮಾನಿಗಳು ಕೂಡಿಸಿದ ಸಾವಿರಾರು ಧ್ವನಿಮುದ್ರಣಗಳು ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಗಣಕ ಭಂಡಾರದಲ್ಲಿದ್ದವು. ವೃಂದದ ಪರವಾಗಿ ವ್ಯವಹಾರ ನೋಡುವವರು ಅವನ್ನು ಇಳಿಸಿಕೊಳ್ಳುವ ಸೌಲಭ್ಯವನ್ನು ತೆಗೆಸಿದಾಗ ಬಳಗದಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಈ ತೀರ್ಮಾನದಲ್ಲಿ ತಮ್ಮ ಪಾಲಿಲ್ಲವೆಂದು ಲೆಶ್ ಬಹಿರಂಗವಾಗಿ ತಿಳಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಕೇಳುಗರು ಸಭಾಂಗಣದಲ್ಲಿ ಮುದ್ರಿಸಿಕೊಂಡದ್ದು ಮೊದಲಿನಂತೆ ಎಲ್ಲರಿಗೂ ದೊರೆಯುವಂತಾಯಿತು. ವೃಂದದ ಯಂತ್ರಗಳಿಂದಲೇ ನೇರವಾಗಿ ಬಂದದ್ದನ್ನು ಅಲ್ಲಿಯೇ ಕೇಳಬಹುದು, ಒಯ್ಯುವಂತಿಲ್ಲ ಎಂದಾಯಿತು. ಕಾನೂನಿನ ಒಡೆತನ ಒಂದು, ಪ್ರೀತಿಯಿಂದ ಕಾಯ್ದ ಒಡೆತನ ಇನ್ನೊಂದು. ಎರಡನ್ನೂ ಗುರುತಿಸಿದ ಒಪ್ಪಂದ ಅದು.

2008ರಲ್ಲಿ ವೃಂದವು ತನ್ನ ಕಾಗದಪತ್ರಗಳ ಭಂಡಾರವನ್ನು ಸಾಂತಾ ಕ್ರೂಜ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ದಾನ ನೀಡುವುದಾಗಿ ಪ್ರಕಟಿಸಿತು. 2012ರಲ್ಲಿ ಅಲ್ಲಿನ ಗ್ರಂಥಾಲಯದಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಐಲೀನ್ ಲಾ ಎತ್ತಿಟ್ಟ ಬಣ್ಣದ ಲಕೋಟೆಗಳು ಈಗ ಸಂಶೋಧಕರ ಆಕರ ಸಾಮಗ್ರಿ. ಅವುಗಳನ್ನು ಕಳುಹಿಸಿದ ಹುಡುಗ ಹುಡುಗಿಯರು ಟಿಕೆಟ್ಟಿಗಾಗಿ ಬರೆದರೇ ಹೊರತು ಚರಿತ್ರೆಗಾಗಿ ಬರೆದವರಲ್ಲ.

ನಮ್ಮ ಪಟ್ಟಿಗಳು

ಇಷ್ಟನ್ನು ಓದಿದ ಮೇಲೆ ನಮ್ಮ ಕಡೆಗೆ ತಿರುಗದೆ ಇರಲಾರೆವು. ಜನಸಾಮಾನ್ಯರ ಶ್ರದ್ಧೆ ಸಾಹಿತ್ಯವನ್ನು ಉಳಿಸಿದ ಉದಾಹರಣೆಗಳು ಕನ್ನಡದಲ್ಲಿ ಕಡಿಮೆಯೇನಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಮಠ ಮನೆಗಳ ಅಟ್ಟಗಳಿಂದ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದದ್ದು ಯಾವ ಸಂಸ್ಥೆಯ ಆಜ್ಞೆಯಿಂದಲೂ ಅಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಗೆರೆಯ ಆಚೆ ಉಳಿದ ಕನ್ನಡಿಗರು ಸಂಘ, ವಾಚನಾಲಯ, ಶಾಲೆ, ನಾಡಹಬ್ಬಗಳ ಮೂಲಕವೇ ತಮ್ಮ ಬಾಳನ್ನು ನಡೆಸಿಕೊಂಡು ಬಂದರು. ಕಾಸರಗೋಡಾಗಲಿ, ತಾಳವಾಡಿಯಾಗಲಿ, ಸೊಲ್ಲಾಪುರ ಅಕ್ಕಲಕೋಟೆಗಳಾಗಲಿ, ಆದವಾನಿ ರಾಯದುರ್ಗಗಳಾಗಲಿ, ನಮ್ಮ ಚರಿತ್ರೆಯ ಬಹುಭಾಗ ಇರುವುದು ಸಭೆಯ ನಡವಳಿ ಪುಸ್ತಕಗಳಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ, ಹಿಂಬದಿಯಲ್ಲಿ ಹೆಸರಿಲ್ಲದ ಛಾಯಾಚಿತ್ರಗಳಲ್ಲಿ, ಯಾರದೋ ಮನೆಯ ಪೆಟ್ಟಿಗೆಯಲ್ಲಿ ಬೂಸಲು ಹಿಡಿಯುತ್ತಿರುವ ತಾಳಮದ್ದಳೆಯ ಕ್ಯಾಸೆಟ್ಟುಗಳಲ್ಲಿ.

ಮನೆಯ ಹಿರಿಯರು ತೀರಿಕೊಂಡು ಮನೆ ಖಾಲಿಮಾಡುವಾಗ ಇವು ಮೊದಲು ಹೊರಬೀಳುವ ವಸ್ತುಗಳು. ನಮ್ಮಲ್ಲಿ ಹರಾಜು ಕೂಡ ನಡೆಯುವುದಿಲ್ಲ, ತೂಕಕ್ಕೆ ಹೋಗುತ್ತವೆ. ಹರಾಜಾದದ್ದು ಯಾವನೋ ಅಭಿಮಾನಿಯ ಕೈಗೆ ಸಿಕ್ಕೀತು, ತೂಕಕ್ಕೆ ಹೋದದ್ದು ಸಿಗದು. ಮಲಯಾಳ, ತಮಿಳು, ಮರಾಠಿ, ತೆಲುಗು ಮಾಧ್ಯಮಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ನಾಳೆ ತಮ್ಮ ಅಜ್ಜ ಅಜ್ಜಿಯರು ಯಾವ ಕನ್ನಡದಲ್ಲಿ ಬಾಳಿದರೆಂದು ಕೇಳಿದರೆ ತೋರಿಸಲು ಉಳಿಯುವುದು ಇಂಥ ಕಾಗದಗಳೇ.

ಡೆಡ್‌ಬೇಸ್ ಮಾಡಿದವರು ಬಳಸಿದ್ದು ತಾರೀಖು, ಸ್ಥಳ, ಹೆಸರು ಎಂಬ ಮೂರೇ ಸಾಧನಗಳನ್ನು. ನಮ್ಮ ಒಂದೊಂದು ಸಂಘವೂ ತಾನು ಹುಟ್ಟಿದಂದಿನಿಂದ ನಡೆಸಿದ ಸಮ್ಮೇಳನ, ಕವಿಗೋಷ್ಠಿ, ನಾಟಕ, ತಾಳಮದ್ದಳೆಗಳನ್ನು ಈ ಮೂರು ಅಂಕಣಗಳಲ್ಲಿ ಬರೆದಿಡುವ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ಹಿರಿಯರು ನಮ್ಮೊಡನಿರುವಾಗಲೇ ಹಳೆಯ ಛಾಯಾಚಿತ್ರಗಳ ಹಿಂಬದಿಗೆ ಹೆಸರುಗಳನ್ನು ಬರೆಸಿಕೊಳ್ಳಬಹುದು. ಕ್ಯಾಸೆಟ್ಟು ಉಳ್ಳವರು ಒಂದು ಪ್ರತಿಯನ್ನು ಸಂಘಕ್ಕೆ ಕೊಟ್ಟು ಮೂಲವನ್ನು ತಾವೇ ಇಟ್ಟುಕೊಳ್ಳಬಹುದು. ಮಾರಾಟ ಸಲ್ಲದು, ಪ್ರತಿಮಾಡಿ ಹಂಚಬಹುದು ಎಂಬ ಆ ಬಳಗದ ಕಟ್ಟಳೆ ನಮಗೂ ಒಗ್ಗುತ್ತದೆ. ಸ್ಮರಣ ಸಂಚಿಕೆಗಳ ಕೊನೆಯಲ್ಲಿ ಅಚ್ಚಾಗುವ ಪದಾಧಿಕಾರಿಗಳ, ಸ್ವಯಂಸೇವಕರ, ದಾನಿಗಳ ಪಟ್ಟಿಯನ್ನು ನಾವು ಸಾಮಾನ್ಯವಾಗಿ ಓದದೆ ಮಗುಚುತ್ತೇವೆ. ಐವತ್ತು ವರ್ಷಗಳ ಅನಂತರ ಈ ನೆಲದ ಕನ್ನಡದ ಬಗೆಗೆ ಬರೆಯಹೊರಡುವವನು ಮೊದಲು ತೆರೆಯುವುದು ಆ ಪುಟವನ್ನೇ. ಅದರಲ್ಲಿ ಒಂದು ಹೆಸರೂ ತಪ್ಪದಂತೆ, ಒಂದು ಇನಿಷಿಯಲ್ ಕೂಡ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.